ಭೇಟಿಗೆ ‘ಅಭ್ಯಂತರವಿಲ್ಲ’ ಎಂದು ಬರೆದರೆ ಮಗು ಸಿಗುವುದಿಲ್ಲ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳು.

ವಿಷಯ: ಬೇರೆಯಾದ ತಂದೆತಾಯಿಯರ ರಾಜಿ ಪತ್ರಗಳಲ್ಲಿ ಮಗುವಿನ ಭೇಟಿಯ ಷರತ್ತನ್ನು ಜಾರಿ ಮಾಡಲು ಬರುವಂತೆ ಬರೆಸುವ ಬಗ್ಗೆ.

ಮಾನ್ಯರೇ,

ಗಂಡ ಹೆಂಡತಿ ಬೇರೆಯಾಗುವಾಗ ಬರೆಯುವ ರಾಜಿ ಪತ್ರವನ್ನು ಒಮ್ಮೆ ಪೂರ್ತಿ ಓದಿ ನೋಡಿ. ಜೀವನಾಂಶದ ಮೊತ್ತ ಅಂಕಿಯಲ್ಲೂ ಇರುತ್ತದೆ, ಅಕ್ಷರದಲ್ಲೂ ಇರುತ್ತದೆ. ಡಿ.ಡಿ. ನಂಬರು, ಬ್ಯಾಂಕಿನ ಶಾಖೆ, ಯಾವ ತಾರೀಖಿನೊಳಗೆ ಎಷ್ಟನೇ ಕಂತು ಎಂಬುದೆಲ್ಲ ಇರುತ್ತದೆ. ಮದುವೆಯಲ್ಲಿ ಕೊಟ್ಟ ಅಲಮಾರಿ, ಪಲ್ಲಂಗ, ಹಿತ್ತಾಳೆ ಕೊಡ, ತೊಲೆ ಲೆಕ್ಕದ ಬಂಗಾರಕ್ಕೆ ಬೇರೆ ಪಟ್ಟಿಯೇ ಲಗತ್ತಾಗಿರುತ್ತದೆ. ಮಗುವಿನ ಪಾಲಿಗೆ ಬರುವುದು ಒಂದೇ ಸಾಲು: ‘ಎರಡನೇ ಅರ್ಜಿದಾರನು ಮಗುವನ್ನು ಭೇಟಿ ಮಾಡಲು ಒಂದನೇ ಅರ್ಜಿದಾರಳ ಅಭ್ಯಂತರವಿರುವುದಿಲ್ಲ.’ ಕೊಡ ಎಷ್ಟು ಎಂದು ಎಣಿಸಿ ಬರೆದವರು ಮಗು ಎಷ್ಟು ತಾಸು, ಯಾವ ದಿನ, ಎಲ್ಲಿ ಎಂದು ಬರೆಯುವುದಿಲ್ಲ.

ಈ ಪತ್ರ ಆ ಒಂದು ಸಾಲಿನ ಬಗ್ಗೆ. ಈ ಮೂರು ಜಿಲ್ಲೆಗಳಲ್ಲಿ ಕೌಟುಂಬಿಕ ಪ್ರಕರಣಗಳ ಕೆಲಸ ಮಾಡುವ ವಕೀಲರು ಮತ್ತು ಆಪ್ತ ಸಮಾಲೋಚಕರು ಸೇರಿ ಇದನ್ನು ಬರೆಯುತ್ತಿದ್ದೇವೆ. ತಮಗೇ ಏಕೆ ಎಂದರೆ, ರಾಜಿ ಬರೆಯುವ ಮೇಜು ತಮ್ಮದು. ಮಧ್ಯಸ್ಥಿಕೆ ಕೇಂದ್ರದಲ್ಲಾಗಲಿ ಲೋಕ ಅದಾಲತ್ತಿನಲ್ಲಾಗಲಿ ಈ ಸಾಲು ಟೈಪಾಗುವಾಗ ಪ್ರಾಧಿಕಾರದ ಯಾರೋ ಒಬ್ಬರು ಪಕ್ಕದಲ್ಲೇ ಇರುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಲೋಕ ಅದಾಲತ್ತಿನ ಅವಾರ್ಡು, ಅಂದರೆ ಅಲ್ಲಿ ಆದ ರಾಜಿಯ ಆದೇಶ, ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಅಷ್ಟು ಗಟ್ಟಿಯಾದ ಕಾಗದದಲ್ಲಿ ಅಷ್ಟು ಸಡಿಲವಾದ ಸಾಲು ಕೂತರೆ ಅದನ್ನು ಸರಿಪಡಿಸಲು ಮತ್ತೆ ವರ್ಷಗಟ್ಟಲೆ ಓಡಾಟ.

ಇಂಥ ಸಾಲು ಅವಸರದಲ್ಲಿ ಬೀಳುವುದಕ್ಕೆ ಒಂದು ಕಾರಣವೂ ಇದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆಯನ್ನು ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಜೀವನಾಂಶ, ಮಗುವಿನ ಸುಪರ್ದಿ ಮುಂತಾದುವೆಲ್ಲ ನಿಜವಾಗಿ ಇತ್ಯರ್ಥವಾಗಿರಬೇಕು ಎಂಬುದೂ ಒಂದು. ‘ನಿಜವಾಗಿ’ ಎಂಬ ಮಾತು ಎಲ್ಲೋ ಬಿದ್ದುಹೋಯಿತು, ‘ಇತ್ಯರ್ಥವಾಗಿದೆ’ ಎಂದು ತೋರಿಸಲು ಒಂದು ಸಾಲು ಮಾತ್ರ ಉಳಿಯಿತು.

ಆ ಸಾಲು ಹೇಗೆ ಕೈ ಕೊಡುತ್ತದೆ ನೋಡಿ. ಮೊದಲ ಎರಡು ತಿಂಗಳು ನಡೆಯುತ್ತದೆ. ಮೂರನೆಯ ತಿಂಗಳು ಅಪ್ಪ ಬಾಗಿಲಿಗೆ ಬಂದಾಗ ‘ಕೂಸು ಮಲಗ್ಯದ’, ನಾಲ್ಕನೆಯ ತಿಂಗಳು ‘ಊರಿಗೆ ಹೋಗ್ಯಾದ’, ಐದನೆಯ ತಿಂಗಳು ‘ಬ್ಯಾಡ ಅಂತದ’. ಆತ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕುತ್ತಾನೆ. ಅಮಲ್ಜಾರಿ ನ್ಯಾಯಾಲಯ ಡಿಕ್ರಿಯಲ್ಲಿ ಇದ್ದದ್ದನ್ನು ಜಾರಿ ಮಾಡಬಹುದೇ ಹೊರತು ಇಲ್ಲದ್ದನ್ನು ಸೇರಿಸಲು ಬರುವುದಿಲ್ಲ. ‘ನನ್ನ ಅಭ್ಯಂತರ ಇಲ್ಲ, ಮಗುವೇ ಒಲ್ಲದು’ ಎಂದು ತಾಯಿ ಹೇಳಿದರೆ ಆಕೆ ಡಿಕ್ರಿ ಮುರಿದಳೆಂದು ಹೇಳುವುದಾದರೂ ಹೇಗೆ? ತಂದೆಯ ಬಳಿ ಮಗುವಿದ್ದು ತಾಯಿ ಅಲೆಯುವ ಪ್ರಕರಣಗಳಲ್ಲೂ ಇದೇ ಕತೆ, ಹೆಸರು ಮಾತ್ರ ಅದಲುಬದಲು. ಮಗುವಿನ ಕುರಿತ ಆದೇಶ ಯಾವಾಗಲೂ ಬದಲಿಸಲು ಬರುವಂಥದ್ದು, ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26 ಅದಕ್ಕೇ ಇದೆ. ಆದರೆ ಅದು ಹೊಸ ಅರ್ಜಿ, ಹೊಸ ನೋಟಿಸು, ಹೊಸ ತಕರಾರು. ಅಷ್ಟರಲ್ಲಿ ಎರಡು ವರ್ಷದ ಮಗು ನಾಲ್ಕು ವರ್ಷದ್ದಾಗಿ, ಕಾಣದ ಮುಖವನ್ನು ಮರೆತಿರುತ್ತದೆ.

ಸ್ವಲ್ಪ ಮುಂದೆ ಹೋಗಿ ದಿನ ಬರೆಯುವವರಿದ್ದಾರೆ. ಅಲ್ಲೂ ತಪ್ಪುತ್ತದೆ. ‘ಹದಿನೈದು ದಿನಕ್ಕೊಮ್ಮೆ’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಎರಡು ವಾರಕ್ಕೊಮ್ಮೆ ಎಂಬ ಅರ್ಥದಲ್ಲಿ ಅದನ್ನು ಆಡುತ್ತೇವೆ. ಕಾಗದದಲ್ಲಿ ಎಣಿಸಿದರೆ ರವಿವಾರ ಕಳೆದು ಹದಿನೈದನೆಯ ದಿನಕ್ಕೆ ಸೋಮವಾರ ಬರುತ್ತದೆ. ಸೋಮವಾರ ಶಾಲೆ. ಇದನ್ನೇ ಹಿಡಿದು ಭೇಟಿ ತಪ್ಪಿಸಿದವರಿದ್ದಾರೆ, ತಪ್ಪಿಸಿದ್ದು ಸರಿಯೆಂದು ವಾದಿಸಿದವರೂ ಇದ್ದಾರೆ. ‘ರವಿವಾರ ಬಿಟ್ಟು ರವಿವಾರ’ ಎಂದರೆ ಒಂದು ಭೇಟಿ ತಪ್ಪಿದ ಕೂಡಲೇ ಎಣಿಕೆ ಎಲ್ಲಿಂದ ಎಂಬ ಜಗಳ. ‘ತಿಂಗಳಿಗೆ ಎರಡು ಬಾರಿ’ ಎಂದರೆ ಯಾವ ಎರಡು? ‘ಪ್ರತಿ ತಿಂಗಳ ಮೊದಲ ಮತ್ತು ಮೂರನೇ ರವಿವಾರ’ ಎಂದು ಬರೆದರೆ ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕ್ಷಿ. ಐದು ರವಿವಾರ ಬರುವ ತಿಂಗಳಲ್ಲಿ ಐದನೆಯದು ಯಾರಿಗೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆದುಬಿಟ್ಟರೆ ಅಲ್ಲಿಗೆ ಮುಗಿಯಿತು.

ಶನಿವಾರ ಹಾಕುವುದಾದರೆ ನಮ್ಮ ಶಾಲೆಗಳಲ್ಲಿ ಶನಿವಾರ ಮುಂಜಾನೆ ಶಾಲೆ ಎಂಬುದನ್ನು ನೆನಪಿಡಬೇಕು. ಹತ್ತು ಗಂಟೆಗೆ ಮಗುವನ್ನು ಕರೆತರಬೇಕೆಂದು ಬರೆದರೆ ಒಂದೋ ಶಾಲೆ ತಪ್ಪುತ್ತದೆ, ಇಲ್ಲ ಭೇಟಿ ತಪ್ಪುತ್ತದೆ. ಎರಡನೇ ಶನಿವಾರ, ‘ನ್ಯಾಯಾಲಯದ ಆವರಣದಲ್ಲಿ’ ಎಂದು ಬರೆದರಂತೂ ಮುಗಿದೇ ಹೋಯಿತು: ಅಂದು ನ್ಯಾಯಾಲಯಕ್ಕೇ ರಜೆ, ಗೇಟಿಗೆ ಬೀಗ.

ನ್ಯಾಯಾಲಯದ ಆವರಣ ಎಂಬ ಮಾತಿಗೇ ನಮ್ಮ ತಕರಾರಿದೆ. ಕರಿಕೋಟು, ಪೊಲೀಸರು, ಬೇಡಿ ಹಾಕಿಕೊಂಡು ಬಂದ ಆರೋಪಿಗಳು, ಕೂಗಿ ಕರೆಯುವ ಜವಾನ, ಇವುಗಳ ನಡುವೆ ಕಟ್ಟೆಯ ಮೇಲೆ ಕೂತು ಮೂರು ವರ್ಷದ ಮಗು ಯಾರ ತೊಡೆ ಏರೀತು? ಎರಡೂ ಕಡೆಯ ಬೀಗರು ಎದುರುಬದುರು ನಿಂತಿರುತ್ತಾರೆ. ಮಗುವಿಗೆ ಬೇಕಾದದ್ದು ದೊಡ್ಡದೇನಲ್ಲ. ಹತ್ತು ಅಡಿ ಹನ್ನೆರಡು ಅಡಿಯ ಒಂದು ಕೋಣೆ, ನೆಲಕ್ಕೆ ಜಮಖಾನೆ, ಫ್ಯಾನು, ಕುಡಿಯುವ ನೀರು, ಹತ್ತಿರದಲ್ಲೇ ಪಾಯಖಾನೆ, ಗೋಡೆಗೆ ಗಡಿಯಾರ, ಬಾಗಿಲ ಬಳಿ ಒಂದು ರಿಜಿಸ್ಟರು. ಎರಡು ಬಾಗಿಲಿದ್ದರೆ ಇನ್ನೂ ಒಳ್ಳೆಯದು. ಒಂದೇ ಬಾಗಿಲಾದರೆ ಮಗುವನ್ನು ಕರೆತರುವವರು ಹದಿನೈದು ನಿಮಿಷ ಮೊದಲು ಬಂದು, ಬಿಟ್ಟು, ಹೊರಗೆ ಹೋಗಬೇಕು. ಭೇಟಿಗೆ ಬಂದವರು ಅವರು ಹೋದ ಮೇಲೆ ಒಳಗೆ ಬರಬೇಕು. ಇಷ್ಟು ಮಾಡಿದರೆ ಮೆಟ್ಟಿಲ ಮೇಲಿನ ಅರ್ಧ ಜಗಳ ನಿಲ್ಲುತ್ತದೆ.

ಮೇಲ್ವಿಚಾರಣೆ ಬೇಡದ ಪ್ರಕರಣಗಳಲ್ಲಿ ಕೋಣೆಯೂ ಬೇಡ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಅಂಗಳ ಅಥವಾ ಪಬ್ಲಿಕ್ ಗಾರ್ಡನ್ ಸಾಕು. ಆದರೆ ‘ಪಬ್ಲಿಕ್ ಗಾರ್ಡನ್’ ಎಂದಷ್ಟೇ ಬರೆಯದೆ ಯಾವ ಗೇಟು ಎಂದು ಬರೆಯಬೇಕು. ಇಬ್ಬರೂ ಬಂದು, ಬೇರೆ ಬೇರೆ ಗೇಟಿನಲ್ಲಿ ಒಂದು ತಾಸು ನಿಂತು, ‘ಆತ ಬರಲಿಲ್ಲ’, ‘ಆಕೆ ಬರಲಿಲ್ಲ’ ಎಂದು ಇಬ್ಬರೂ ಪ್ರಮಾಣಪತ್ರ ಹಾಕುವುದು ನಡೆಯದ ಸಂಗತಿಯಲ್ಲ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ.

ದೂರದ ಮಾತಿಗೆ ಬಂದರೆ ನಮ್ಮ ಜಿಲ್ಲೆಗಳ ಸ್ಥಿತಿ ಬೆಂಗಳೂರಿನಂತಲ್ಲ. ಚಿಂಚೋಳಿಯಿಂದ ಕಲಬುರಗಿಗೆ, ಸುರಪುರದಿಂದ ಯಾದಗಿರಿಗೆ, ಔರಾದದಿಂದ ಬೀದರಿಗೆ ಬಸ್ಸು ಹಿಡಿದು ಬರಬೇಕು. ದುಡಿಯಲು ಹೋದವರು ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿನಲ್ಲಿರುತ್ತಾರೆ. ಅಂಥವರಿಗೆ ವಾರಕ್ಕೊಮ್ಮೆ ಎರಡು ತಾಸು ಎಂದು ಬರೆಯುವುದು ಕೊಟ್ಟಂತೆ ಮಾಡಿ ಕಸಿದುಕೊಳ್ಳುವುದು. ಒಂದು ರಾತ್ರಿ ರೈಲು, ಮರುರಾತ್ರಿ ರೈಲು, ನಡುವೆ ಎರಡು ತಾಸು. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನದಿಂದ ರವಿವಾರ ಸಂಜೆಯವರೆಗೆ ಎಂದು ಬರೆದರೆ ತಾಸುಗಳೂ ಹೆಚ್ಚು, ಖರ್ಚೂ ಕಡಿಮೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ‘ಆಕೆಗೇನು ಟಿಕೆಟ್ ಇಲ್ಲ, ಆಕೆಯೇ ಕೂಸನ್ನು ಕರಕೊಂಡು ಬರಲಿ’ ಎಂಬ ವಾದವೊಂದು ಹುಟ್ಟಿಕೊಂಡಿದೆ. ಟಿಕೆಟ್ ಇಲ್ಲದಿರಬಹುದು, ಆಕೆಯ ಒಂದು ದಿನದ ಕೂಲಿ ಹೋಗುವುದಿಲ್ಲವೇ? ಮಗು ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಇದ್ದರೆ ಆ ಉಚಿತವೂ ರಾಜ್ಯದ ಗಡಿ ದಾಟುವುದಿಲ್ಲ. ಕರೆತರುವವರು ಯಾರು, ಮರಳಿ ಬಿಡುವವರು ಯಾರು, ಖರ್ಚು ಯಾರದು ಎಂಬುದು ಷರತ್ತಿನಲ್ಲಿರಬೇಕು. ನಮ್ಮ ಅನುಭವದಲ್ಲಿ ಬಾಳಿಕೆ ಬರುವ ಏರ್ಪಾಡು ಎಂದರೆ ಕರೆತರುವುದು ಒಬ್ಬರು, ಮರಳಿ ಬಿಡುವುದು ಇನ್ನೊಬ್ಬರು.

ವಯಸ್ಸಿನ ಲೆಕ್ಕ ಯಾರೂ ಹಾಕುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ತಿಂಗಳಿಗೊಮ್ಮೆ ಆರು ತಾಸು ಕೊಟ್ಟರೆ ಪ್ರತಿ ಸಲವೂ ಅಪರಿಚಿತರ ಜೊತೆ ಆರು ತಾಸು ಕಳೆದಂತೆ. ಅದೇ ಆರು ತಾಸನ್ನು ವಾರಕ್ಕೆ ಒಂದೂವರೆ ತಾಸಿನಂತೆ ನಾಲ್ಕು ಪಾಲು ಮಾಡಿದರೆ ಮಗು ಗುರುತು ಹಿಡಿಯುತ್ತದೆ. ನಿದ್ದೆ, ಹಾಲಿನ ಹೊತ್ತು ತಪ್ಪಿಸಿ ಸಮಯ ಇಡಬೇಕು. ಮೂರರಿಂದ ಆರು ವರ್ಷಕ್ಕೆ ಅರ್ಧ ದಿನ, ಶಾಲೆಗೆ ಹೊಂದಿಕೊಂಡ ಮೇಲೆ ಇಡೀ ದಿನ, ಆಮೇಲೆ ರಾತ್ರಿ ಉಳಿಯುವುದು. ಹನ್ನೆರಡು ದಾಟಿದವರನ್ನು ಕೇಳದೆ ವೇಳಾಪಟ್ಟಿ ಮಾಡಲೇಬಾರದು. ತಿಳಿವಳಿಕೆಯಿಂದ ಆಯ್ಕೆ ಹೇಳಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಸೆಕ್ಷನ್ 17 ಆಗಲೇ ಹೇಳಿದೆ. ಮಗು ಬೆಳೆಯುತ್ತದೆ, ಡಿಕ್ರಿ ಬೆಳೆಯುವುದಿಲ್ಲ. ಆದ್ದರಿಂದ ‘ಮಗುವಿಗೆ ಆರು ವರ್ಷ ತುಂಬಿದ ಮೇಲೆ ಹೀಗೆ, ಹನ್ನೆರಡು ತುಂಬಿದ ಮೇಲೆ ಹೀಗೆ’ ಎಂದು ಮೊದಲೇ ಹಂತ ಹಾಕಿ ಬರೆಯುವುದು ಜಾಣತನ.

ಮಗು ಅಳುವ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಭೇಟಿಗಳು ಮುರಿದುಬೀಳುವುದು ಅಲ್ಲೇ. ನಾಲ್ಕು ತಿಂಗಳು ಅಪ್ಪನನ್ನು ಕಾಣದ ಮಗು ಮೊದಲು ಅಜ್ಜಿಯ ಸೆರಗು ಹಿಡಿಯುತ್ತದೆ. ಅಪ್ಪ ಕೈ ಚಾಚಿದಷ್ಟೂ ಹಿಂದೆ ಸರಿಯುತ್ತದೆ. ಆತ ನೆಲದ ಮೇಲೆ ಕೂತು, ತಂದ ಬಾಳೆಹಣ್ಣು ಸುಲಿದು, ಅರ್ಧ ತಾನೇ ತಿಂದು ಅರ್ಧ ಜಮಖಾನೆಯ ಮೇಲಿಟ್ಟು ಬೇರೆ ಕಡೆ ನೋಡುತ್ತ ಕೂತರೆ, ಹತ್ತು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಒಂದು ಪುಟ್ಟ ಕೈ ಆ ಹಣ್ಣಿನ ಕಡೆ ಬರುತ್ತದೆ. ಆ ಇಪ್ಪತ್ತು ನಿಮಿಷ ಕಾಯುವ ತಾಳ್ಮೆ ಇಲ್ಲದೆ ಎರಡನೇ ನಿಮಿಷಕ್ಕೇ ‘ನೋಡ್ರಿ, ಒಲ್ಲೆ ಅಂತದ’ ಎಂದು ಮಗುವನ್ನು ಎತ್ತಿಕೊಂಡು ಹೊರಟರೆ, ಅಂದಿನ ವರದಿಯಲ್ಲಿ ‘ಮಗು ನಿರಾಕರಿಸಿತು’ ಎಂದು ದಾಖಲಾಗುತ್ತದೆ. ಬೇರ್ಪಡುವ ಕ್ಷಣದ ಅಳು ಬೇರೆ, ಹೆದರಿಕೆಯ ಅಳು ಬೇರೆ. ಮೊದಲನೆಯದು ಬಿಟ್ಟವರು ಕಣ್ಮರೆಯಾದ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಎರಡನೆಯದು ಇಳಿಯುವುದಿಲ್ಲ; ಮಗು ಬಿಗಿಯುತ್ತದೆ, ಮಾತು ನಿಲ್ಲಿಸುತ್ತದೆ, ಉಚ್ಚೆ ಮಾಡಿಕೊಳ್ಳುತ್ತದೆ, ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತದೆ. ಎರಡನೆಯದು ಕಂಡರೆ ಭೇಟಿ ನಿಲ್ಲಿಸಿ ಸಮಾಲೋಚಕರಿಗೆ ತೋರಿಸಬೇಕು. ಈ ವ್ಯತ್ಯಾಸ ಗೊತ್ತಿರುವವರು ಕೋಣೆಯಲ್ಲಿರಬೇಕೆಂಬುದೇ ನಮ್ಮ ಮುಖ್ಯ ಬೇಡಿಕೆಗಳಲ್ಲೊಂದು. ಒಂದು ಮಗುವಿನ ಮನಸ್ಸನ್ನು ಇನ್ನೊಬ್ಬ ಪಾಲಕರ ವಿರುದ್ಧ ತಿರುಗಿಸುವುದರ ಹಾನಿಯನ್ನು ಸುಪ್ರೀಂ ಕೋರ್ಟ್ 2017ರ ವಿವೇಕ್ ಸಿಂಗ್ ಪ್ರಕರಣದಲ್ಲಿ ಎತ್ತಿ ಹೇಳಿದೆ. ಮಗುವಿನ ಮನಸ್ಸನ್ನು ಹಾಗೆ ತಿರುಗಿಸಿದ್ದಾರೋ ಇಲ್ಲವೋ ಎಂದು ಹೇಳಲು ಒಂದು ದಿನದ ಅಳು ಸಾಲದು.

ವಿಡಿಯೊ ಕರೆಯ ಬಗ್ಗೆ ಚುಟುಕಾಗಿ ಹೇಳುತ್ತೇವೆ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕನ್ನೂ ಹೇಳಿ, ದೂರವಿರುವ ಪಾಲಕರು ದಿನಕ್ಕೆ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತನಾಡಬಹುದೆಂದಿತು. ಯಾವ ನಂಬರಿಗೆ, ಎಷ್ಟು ಗಂಟೆಗೆ, ಕರೆಂಟ್ ಹೋಗಿ ತಪ್ಪಿದರೆ ಯಾವಾಗ ಎಂಬುದು ಬರೆದಿರಲಿ. ಮಗುವಿನ ಹಿಂದೆ ನಿಂತು ‘ಹೀಗೆ ಕೇಳು, ಹಾಗೆ ಹೇಳು’ ಎಂದು ಹೇಳಿಕೊಡುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ ಎಂಬುದೂ ಇರಲಿ.

ಇನ್ನು ರೊಕ್ಕದ ಮಾತು. ‘ಮೊದಲ ರೊಕ್ಕ ಹಾಕಲಿ, ಆಮ್ಯಾಲ ಕೂಸಿನ ಮಾರಿ ನೋಡಲಿ’ ಎನ್ನುವುದು ಒಂದು ಕಡೆ, ‘ಕೂಸನ್ನ ತೋರಸಲಿಲ್ಲ ಅಂದ ಮ್ಯಾಲ ರೊಕ್ಕ ಯಾಕ?’ ಎನ್ನುವುದು ಇನ್ನೊಂದು ಕಡೆ. ಎರಡೂ ತಪ್ಪು. ಜೀವನಾಂಶ ಬಾಕಿ ಬಿದ್ದರೆ ಅದರ ವಸೂಲಿಗೆ ಬೇರೆ ದಾರಿಯಿದೆ, ಭೇಟಿ ತಪ್ಪಿದರೆ ಅದಕ್ಕೆ ಬೇರೆ ದಾರಿ. ಮಗುವನ್ನು ಅಡವಿಟ್ಟು ಬಾಕಿ ವಸೂಲಿ ಮಾಡಲು ಯಾವ ಕಾಯ್ದೆಯೂ ಹೇಳಿಲ್ಲ. ಆದರೆ ಎರಡನ್ನೂ ಒಂದೇ ಪ್ಯಾರಾದಲ್ಲಿ, ‘ಜೀವನಾಂಶ ಪಾವತಿಸಿ ಮಗುವನ್ನು ಭೇಟಿ ಮಾಡತಕ್ಕದ್ದು’ ಎಂದು ಬರೆಯುವ ಕರಡುಗಾರರೇ ಈ ಗೊಂದಲಕ್ಕೆ ನೀರೆರೆಯುತ್ತಾರೆ. ಇದನ್ನು ನಮ್ಮ ವಕೀಲ ಬಂಧುಗಳಿಗೇ ಹೇಳುತ್ತಿದ್ದೇವೆ.

ಎಲ್ಲ ಭೇಟಿಯೂ ಒಳ್ಳೆಯದೇ ಎಂದು ನಾವು ಹೇಳುತ್ತಿಲ್ಲ. ಹೊಡೆತ, ಕುಡಿತ, ಮಗುವಿನ ಮೈಮುಟ್ಟಿದ ಆರೋಪ ಇದ್ದಲ್ಲಿ ಮಾತೇ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸೆಕ್ಷನ್ 21ರಲ್ಲಿ, ಭೇಟಿಯಿಂದ ಮಗುವಿಗೆ ಹಾನಿಯೆಂದು ಕಂಡರೆ ಮ್ಯಾಜಿಸ್ಟ್ರೇಟರು ಭೇಟಿಯನ್ನು ನಿರಾಕರಿಸಬೇಕೆಂದೇ ಇದೆ. ಅನುಮಾನದ ಪ್ರಕರಣಗಳಲ್ಲಿ ಮೇಲ್ವಿಚಾರಣೆಯ ಭೇಟಿ ಸರಿಯಾದ ಮಧ್ಯದ ದಾರಿ: ಮೂರನೆಯ ವ್ಯಕ್ತಿಯೊಬ್ಬರು ಕಣ್ಣಳತೆಯಲ್ಲೂ ಕಿವಿಯಳತೆಯಲ್ಲೂ ಇರುವುದು. ಆ ಮೂರನೆಯ ವ್ಯಕ್ತಿ ಸೋದರಮಾವನಾದರೆ ಮೇಲ್ವಿಚಾರಣೆ ಆಗುವುದಿಲ್ಲ, ಇನ್ನೊಂದು ಜಗಳವಾಗುತ್ತದೆ.

ಭೇಟಿ ತಪ್ಪಿದಾಗ ಜನ ಮೊದಲು ಓಡುವುದು ಠಾಣೆಗೆ. ಅಲ್ಲಿ ‘ಇದು ಸಿವಿಲ್ ಮ್ಯಾಟರ್ರು’ ಎಂದು ಹೇಳಿ ಕಳಿಸುತ್ತಾರೆ. ನ್ಯಾಯಾಲಯದ ನಿರ್ದೇಶನವಿಲ್ಲದೆ ಅವರು ಮಗುವನ್ನು ಎತ್ತಿ ಕೊಡುವುದು ಬೇಡವೂ ಬೇಡ. ಮಾಡಬೇಕಾದದ್ದು ಇಷ್ಟು: ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಇದ್ದು, ಕನಿಷ್ಠ ಅರ್ಧ ತಾಸು ಕಾದು, ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಮಾಡಿ, ಎದುರಿನವರಿಗೆ ಒಂದು ಸಭ್ಯ ಸಂದೇಶ ಕಳಿಸಿ, ಮುಂದಿನ ತಾರೀಖಿಗೆ ನ್ಯಾಯಾಲಯದಲ್ಲಿ ಮೆಮೊ (ನಡೆದದ್ದರ ಲಿಖಿತ ಟಿಪ್ಪಣಿ) ಹಾಕಬೇಕು. ಅಲ್ಲೇ ನಿಂತು ವಿಡಿಯೊ ಮಾಡಿ ವಾಟ್ಸಾಪಿಗೆ ಬಿಟ್ಟರೆ ಕೈಲಿದ್ದ ಸಾಕ್ಷ್ಯವೂ ತಿರುಗಿ ಬೀಳುತ್ತದೆ.

ದಂಡದ ಕತೆ ಕೇಳಿದರೆ ನಗು ಬರುತ್ತದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಸೆಕ್ಷನ್ 12ರ ಅಡಿ ಮಗುವನ್ನು ಹಾಜರುಪಡಿಸೆಂದು ನ್ಯಾಯಾಲಯ ಹೇಳಿದರೂ ಮಾಡದವರಿಗೆ ಅದೇ ಕಾಯ್ದೆಯ ಸೆಕ್ಷನ್ 45ರಲ್ಲಿ ನೂರು ರೂಪಾಯಿಯವರೆಗೆ ದಂಡ, ಹಟ ಮುಂದುವರಿಸಿದರೆ ದಿನಕ್ಕೆ ಹತ್ತು ರೂಪಾಯಿಯವರೆಗೆ, ಒಟ್ಟು ಐನೂರು ಮೀರುವಂತಿಲ್ಲ. ಆ ಕಾಯ್ದೆ ಹುಟ್ಟಿದಾಗ ನಮ್ಮ ಭಾಗ ಇನ್ನೂ ನಿಜಾಮರ ಆಡಳಿತದಲ್ಲಿತ್ತು. ಕಾಯ್ದೆ ಆಮೇಲೆ ಇಲ್ಲಿಗೆ ಬಂತು, ದಂಡದ ಮೊತ್ತ ಮಾತ್ರ ಅಲ್ಲೇ ನಿಂತಿತು. ಪುಣೆಯಿಂದ ಒಮ್ಮೆ ಬಂದುಹೋಗುವ ಬಸ್ಸಿನ ಖರ್ಚಿಗೂ ಅದು ಸಾಲದು. ಮಗುವನ್ನು ಹಾಜರುಪಡಿಸುತ್ತೇನೆಂದು ಒಪ್ಪುವವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರವೂ ಅದೇ ಸೆಕ್ಷನ್ನಿನಲ್ಲಿದೆ, ಆದರೆ ಮಗುವನ್ನು ಸಾಕುತ್ತಿರುವವರನ್ನೇ ಜೈಲಿಗೆ ಕಳಿಸಲು ಯಾವ ನ್ಯಾಯಾಧೀಶರಿಗೆ ಮನಸ್ಸು ಬಂದೀತು? ಹೀಗಾಗಿ ಶಿಕ್ಷೆಗಿಂತ ಷರತ್ತೇ ಕೆಲಸ ಮಾಡುತ್ತದೆ: ಒಂದು ಭೇಟಿ ತಪ್ಪಿದರೆ ಅಷ್ಟೇ ತಾಸು ಮುಂದಿನ ರವಿವಾರ ಕೊಡಬೇಕು, ಕಾರಣವಿಲ್ಲದೆ ತಪ್ಪಿಸಿದರೆ ಬಂದವರ ಪ್ರಯಾಣದ ಖರ್ಚು ಕೊಡಬೇಕು, ಬರುತ್ತೇನೆಂದು ಹೇಳಿ ಬಾರದವರು ಕಾದವರ ಖರ್ಚು ಕೊಡಬೇಕು. ಮೂರನೆಯದನ್ನು ಮರೆಯಬಾರದು. ಹೊಸ ಅಂಗಿ ಹಾಕಿಕೊಂಡು ಮಧ್ಯಾಹ್ನದವರೆಗೆ ಹೊಸ್ತಿಲಲ್ಲಿ ಕೂತ ಮಗುವಿಗೆ ಆ ದಿನವನ್ನು ಯಾರೂ ಮರಳಿ ಕೊಡುವುದಿಲ್ಲ.

ಬೇಸಿಗೆ ರಜೆಯ ಭೇಟಿಗೆ ಅರ್ಜಿಯನ್ನು ಫೆಬ್ರುವರಿಯಲ್ಲೇ ಹಾಕಿಸಬೇಕು. ಶಾಲೆಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಬೀಳುತ್ತದೆ, ಮೇ ಹೊತ್ತಿಗೆ ಸಿವಿಲ್ ನ್ಯಾಯಾಲಯಗಳಿಗೂ ರಜೆ. ಏಪ್ರಿಲಿನಲ್ಲಿ ಹಾಕಿದ ಅರ್ಜಿಯ ನೋಟಿಸು ಜಾರಿಯಾಗಿ ಬರುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿರುತ್ತದೆ. ಆ ಎರಡು ತಿಂಗಳು ನಮ್ಮಲ್ಲಿ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಅಂಜಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಮಗುವನ್ನು ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಒಪ್ಪಿಸಬೇಕೇ? ಬೇಸಿಗೆಗೆ ಬೆಳಿಗ್ಗೆ ಏಳು ಅಥವಾ ಸಂಜೆ ಆರು ಎಂದು ಬೇರೆ ಸಮಯ ಬರೆಯಲಿ. ಹಬ್ಬಗಳನ್ನು ‘ಮುಖ್ಯ ಹಬ್ಬಗಳು’ ಎಂದು ಬರೆಯದೆ ಹೆಸರಿಸಲಿ: ಪಂಚಮಿ, ದಸರಾ, ದೀಪಾವಳಿ, ರಂಜಾನ್, ಬಕ್ರೀದ್, ಮತ್ತು ನಮ್ಮ ಎಳ್ಳಮಾಸಿ (ಎಳ್ಳ ಅಮಾವಾಸ್ಯೆ). ಹೊಲದಲ್ಲಿ ಚರಗ (ಭೂಮಿತಾಯಿಗೆ ಅರ್ಪಿಸುವ ಅಡುಗೆ) ಚೆಲ್ಲುವಾಗ ಮೊಮ್ಮಗ ಇರಲಿ ಎಂದು ಬಯಸುವ ಅಜ್ಜ ಎರಡೂ ಕಡೆ ಇರುತ್ತಾನೆ. ಒಂದು ವರ್ಷ ಈ ಹೊಲ, ಮರುವರ್ಷ ಆ ಹೊಲ.

ತಮ್ಮಲ್ಲಿ ನಾವು ಕೇಳುವುದು ಹೀಗಿದೆ. ಮಗುವಿನ ಭೇಟಿಯ ಷರತ್ತಿಗೆ ಕನ್ನಡದಲ್ಲಿ ಒಂದು ಪುಟದ ನಮೂನೆ ಮಾಡಿಸಿ, ಮೂರೂ ಜಿಲ್ಲೆಗಳ ಮಧ್ಯಸ್ಥಿಕೆ ಕೇಂದ್ರ ಮತ್ತು ಲೋಕ ಅದಾಲತ್ತಿನ ಪೀಠಗಳಿಗೆ ಕೊಡಿ. ದಿನ, ಸಮಯ, ಜಾಗ, ಕರೆತರುವವರು, ಬಿಡುವವರು, ಖರ್ಚು, ಕರೆ, ರಜೆ, ಹಬ್ಬ, ತಪ್ಪಿದ ಭೇಟಿ, ವಯಸ್ಸಿನ ಹಂತ, ಈ ಹನ್ನೊಂದು ಖಾನೆ ತುಂಬದೆ ಅವಾರ್ಡಿಗೆ ಸಹಿ ಬೀಳದಿರಲಿ. ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರಲ್ಲಿ (ಪ್ಯಾರಾ ಲೀಗಲ್ ವಾಲಂಟಿಯರ್) ಜಿಲ್ಲೆಗೆ ನಾಲ್ಕು ಜನರನ್ನಾದರೂ ಆರಿಸಿ, ಅವರಲ್ಲಿ ಉರ್ದು ಬಲ್ಲವರೂ ಲಂಬಾಣಿ ಬಲ್ಲವರೂ ಇರುವಂತೆ ನೋಡಿ, ಮೇಲ್ವಿಚಾರಣೆಯ ಭೇಟಿಗೆ ತರಬೇತಿ ಕೊಡಿಸಿ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ ಸೆಕ್ಷನ್ 6ರಲ್ಲಿ ಹೇಳಿದ ಸಮಾಲೋಚಕರ ಹುದ್ದೆಗಳ ಬಗ್ಗೆ ಸರ್ಕಾರಕ್ಕೆ ತಾವೇ ಬರೆದರೆ ಅದಕ್ಕೆ ಬರುವ ತೂಕ ನಮ್ಮ ಪತ್ರಕ್ಕೆ ಬರುವುದಿಲ್ಲ. ಕೋಣೆಯ ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಕೇಳಬಹುದು. ರಸ್ತೆ, ಕಟ್ಟಡಗಳ ಪಟ್ಟಿಯ ನಡುವೆ ಮೂರು ಕೋಣೆ ಭಾರವಾಗಲಾರದು. ಆ ಕೋಣೆಗಳು ರವಿವಾರವೂ ತೆರೆದಿರಬೇಕು, ಇಲ್ಲದಿದ್ದರೆ ಬೇಡವೇ ಬೇಡ.

ನಮೂನೆಯ ಮೊದಲ ಕೆಲವು ಖಾನೆಗಳು ತುಂಬಿದಾಗ ಹೀಗಿರಬಹುದು ಎಂದು ಸೂಚಿಸುತ್ತೇವೆ: ‘ಮಗುವಿನ ತಂದೆಯು ಪ್ರತಿ ತಿಂಗಳ ಮೊದಲ ಮತ್ತು ಮೂರನೇ ರವಿವಾರ ಬೆಳಿಗ್ಗೆ 10ಕ್ಕೆ ತಾಯಿಯ ಮನೆಯ ಬಾಗಿಲಿನಿಂದ ಮಗುವನ್ನು ಕರೆದೊಯ್ದು, ಅದೇ ದಿನ ಸಂಜೆ 5ಕ್ಕೆ ತಾಯಿ ಬಂದು ಕರೆದುಕೊಳ್ಳುವವರೆಗೆ ತನ್ನಲ್ಲಿ ಇಟ್ಟುಕೊಳ್ಳತಕ್ಕದ್ದು. ಮಗುವಿಗೆ ಜ್ವರ ಮುಂತಾದ ಕಾಯಿಲೆಯಿದ್ದರೆ ಹಿಂದಿನ ರಾತ್ರಿ 8ರೊಳಗೆ ತಿಳಿಸಿ, ಮುಂದಿನ ರವಿವಾರ ಅಷ್ಟೇ ಸಮಯ ಕೊಡತಕ್ಕದ್ದು.’ ಎರಡೇ ವಾಕ್ಯ. ಇದನ್ನು ಟೈಪು ಮಾಡಲು ಹಿತ್ತಾಳೆ ಕೊಡಗಳ ಪಟ್ಟಿಗಿಂತ ಕಡಿಮೆ ಹೊತ್ತು ಸಾಕು.

ಮುಂದಿನ ರಾಷ್ಟ್ರೀಯ ಲೋಕ ಅದಾಲತ್ತಿನ ಪೂರ್ವಭಾವಿ ಸಭೆಯಲ್ಲಿ ಈ ನಮೂನೆಯನ್ನು ಚರ್ಚೆಗೆ ಇಡಬೇಕೆಂದು ಕೋರುತ್ತೇವೆ. ಕರಡು ತಯಾರಿಸಲು ಕರೆದರೆ ಬರುತ್ತೇವೆ.

ವಂದನೆಗಳೊಂದಿಗೆ,

ಕಲಬುರಗಿ, ಬೀದರ್ ಮತ್ತು ಯಾದಗಿರಿಯಲ್ಲಿ ಕೌಟುಂಬಿಕ ಪ್ರಕರಣಗಳ ಕೆಲಸ ಮಾಡುವ ಕೆಲವು ವಕೀಲರು ಮತ್ತು ಆಪ್ತ ಸಮಾಲೋಚಕರು